ಕರ್ನಲ್ ಬದಲಿಸಬೇಕಾ, ಬೇಡವಾ? ಮೊದಲು ದೋಷ ಎಲ್ಲಿದೆ ನೋಡಿ

ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು, ಹಾರ್ಡ್‌ವೇರ್‌ಗೂ ಉಳಿದ ಪ್ರೋಗ್ರಾಂಗಳಿಗೂ ನಡುವೆ ನಿಂತು ಕೆಲಸ ಮಾಡಿಸುವುದು ಅದೇ. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರುತ್ತಿಲ್ಲ ಎಂದು ಯಾರನ್ನಾದರೂ ಕೇಳಿ ನೋಡಿ. "ಹೊಸ ಕರ್ನಲ್ ಹಾಕು, ಸರಿಹೋಗುತ್ತೆ" ಎನ್ನುತ್ತಾರೆ. ಅಪ್‌ಡೇಟ್ ಆದ ಮೇಲೆ ಸ್ಕ್ರೀನ್ ಕಪ್ಪಾಯಿತು ಎಂದು ಇನ್ನೊಬ್ಬರನ್ನು ಕೇಳಿ. "ಕರ್ನಲ್ ಮುಟ್ಟಲೇಬಾರದು, ಹಳೇದೇ ಗಟ್ಟಿ" ಎನ್ನುತ್ತಾರೆ. ದೋಷ ಎಲ್ಲಿದೆ ಎಂದು ಇಬ್ಬರೂ ನೋಡಿರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ.

ಕರ್ನಲ್ ಹಾಕುವುದೇನೂ ಕಷ್ಟ ಅಲ್ಲ. ಹಳೆಯದು ಇದ್ದಲ್ಲೇ ಇರುತ್ತದೆ, ಹೊಸದು ಅದರ ಪಕ್ಕದಲ್ಲಿ ಬಂದು ಕೂರುತ್ತದೆ. ಬೂಟ್ ಆಗುವಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು. ದೋಷ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸೌಲಭ್ಯ ಬೇರೆ ಇಲ್ಲ. ಉಳಿದದ್ದೆಲ್ಲ ಹಾಗೇ ಇಟ್ಟು ಕರ್ನಲ್ ಒಂದನ್ನೇ ಬದಲಿಸಿ ನೋಡಬಹುದು. ತುಂಬಾ ಜನ ಈ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ.

ಇಲ್ಲಿ ಬರೆದಿರುವುದು ಉಬುಂಟು 22.04, 24.04 ಮತ್ತು ಡೆಬಿಯನ್ 12, 13 ಇಟ್ಟುಕೊಂಡವರಿಗೆ ನೇರವಾಗಿ ಹೊಂದುತ್ತದೆ. ಫೆಡೋರಾದಲ್ಲಿ ಕಮಾಂಡ್ ಬೇರೆ, ಯೋಚನೆ ಮಾಡುವ ದಾರಿ ಅದೇ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

## ಈಗ ಓಡುತ್ತಿರುವುದು ಯಾವುದು?

'ಯುನೇಮ್ -ಆರ್' ಕೊಡಿ. ಉಬುಂಟು 24.04ರಲ್ಲಿ '6.8.0-45-ಜೆನೆರಿಕ್' ಎಂಬಂಥ ಉತ್ತರ ಬರುತ್ತದೆ. 6.8 ಎಂಬುದು ಮೂಲ ಕರ್ನಲ್‌ನ (ಲಿನಕ್ಸ್ ಡೆವಲಪರ್‌ಗಳೇ ಹೊರತರುವುದು) ಸರಣಿ. ನಡುವಿನ 45 ಉಬುಂಟುವಿನವರು ತಮ್ಮ ಲೆಕ್ಕಕ್ಕೆ ಕೊಟ್ಟುಕೊಂಡ ನಂಬರ್. ಅಪ್‌ಡೇಟ್ ಬಂದಂತೆಲ್ಲ ಈ ನಡುವಿನ ನಂಬರ್ ಏರುತ್ತದೆ. ಮೊದಲಿನದು ಅಲ್ಲೇ ನಿಂತಿರುತ್ತದೆ.

ಆ ಉತ್ತರ ಹೇಳುವುದು ಈಗ ಓಡುತ್ತಿರುವ ಕರ್ನಲ್ ಬಗ್ಗೆ ಮಾತ್ರ. ಡಿಸ್ಕ್‌ನಲ್ಲಿ ಅದಕ್ಕಿಂತ ಹೊಸದು ಬಂದು ಕುಳಿತಿರಬಹುದು. 'ಎಲ್‌ಎಸ್ /ಬೂಟ್' ಕೊಟ್ಟು 'ವಿಎಂಲಿನಜ್' ಎಂದು ಶುರುವಾಗುವ ಫೈಲ್‌ಗಳನ್ನು ನೋಡಿ. '/ವಾರ್/ರನ್/ರೀಬೂಟ್-ರಿಕ್ವೈರ್ಡ್' ಎಂಬ ಫೈಲ್ ಇದ್ದರೆ ರೀಬೂಟ್ ಬಾಕಿ ಇದೆ ಎಂದರ್ಥ. ಸರ್ವರ್‌ಗಳಲ್ಲಿ ಇದು ಮಾಮೂಲಿ. ಅಪ್‌ಡೇಟ್ ತಾನಾಗಿಯೇ ಇಳಿದಿರುತ್ತದೆ, ರೀಬೂಟ್ ಮಾತ್ರ ಯಾರೂ ಮಾಡಿರುವುದಿಲ್ಲ. 400 ದಿನದಿಂದ ರೀಬೂಟ್ ಆಗಿಲ್ಲ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಲೈವ್‌ಪ್ಯಾಚ್ (ರೀಬೂಟ್ ಇಲ್ಲದೆ ಓಡುತ್ತಿರುವ ಕರ್ನಲ್‌ಗೇ ತೇಪೆ ಹಾಕುವ ಸೌಲಭ್ಯ) ಹಾಕಿಸಿಕೊಂಡಿಲ್ಲದಿದ್ದರೆ, ಆ 400 ದಿನದಲ್ಲಿ ಗೊತ್ತಾದ ಭದ್ರತೆಯ ತೂತುಗಳೆಲ್ಲ ಅಲ್ಲಿ ತೆರೆದೇ ಇವೆ.

ಇನ್ನು ನಂಬರ್ ನೋಡಿ ಗಾಬರಿಯಾಗುವವರ ವಿಷಯ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಕರ್ನಲ್ ಕೊನೆಯವರೆಗೂ 4.18. ಆವೃತ್ತಿ 9ರಲ್ಲಿ 5.14. ನೋಡಿದರೆ ಅಜ್ಜನ ಕಾಲದ್ದು ಅನಿಸುತ್ತದೆ. ಆದರೆ ಹೊಸ ಕರ್ನಲ್‌ನಲ್ಲಿ ಸಿಕ್ಕ ತಿದ್ದುಪಡಿಗಳನ್ನು ಅವರು ಹಳೆಯದಕ್ಕೇ ಹೊಲಿದು ಕೊಡುತ್ತಾರೆ. ಉಬುಂಟು, ಡೆಬಿಯನ್ ಮಾಡುವುದೂ ಇದನ್ನೇ.

ಡರ್ಟಿ ಪೈಪ್ ಎಂಬ ತೂತನ್ನು ತೆಗೆದುಕೊಳ್ಳಿ. 2022ರ ಮಾರ್ಚ್‌ನಲ್ಲಿ ಅದು ಬಯಲಾಯಿತು. ಓದಲು ಮಾತ್ರ ಅನುಮತಿ ಇರುವ ಫೈಲ್‌ಗೂ ಸಾಮಾನ್ಯ ಯೂಸರ್ ಒಬ್ಬ ಬರೆಯಬಹುದಿತ್ತು. ಅದು ಹುಟ್ಟಿದ್ದು 5.8ರಲ್ಲಿ. ಸರಿಯಾದದ್ದು 5.16.11, 5.15.25 ಮತ್ತು 5.10.102ರಲ್ಲಿ. ಅಂದರೆ 5.16.5 ಇಟ್ಟುಕೊಂಡವನಿಗೆ ಅಪಾಯ, ಅದಕ್ಕಿಂತ ಹಳೆಯ 5.10.102 ಇಟ್ಟುಕೊಂಡವನಿಗೆ ಇಲ್ಲ. ನಂಬರ್ ದೊಡ್ಡದಾದರೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಿಮ್ಮ ಉಬುಂಟು ಕರ್ನಲ್‌ನಲ್ಲಿ ಮೂಲದ ಯಾವ ತಿದ್ದುಪಡಿಯವರೆಗೆ ಬಂದಿದೆ ಎಂದು ನೋಡಬೇಕಾ? 'ಕ್ಯಾಟ್ /ಪ್ರಾಕ್/ವರ್ಷನ್_ಸಿಗ್ನೇಚರ್' ಕೊಡಿ. 'ಉಬುಂಟು 5.15.0-25.25-ಜೆನೆರಿಕ್ 5.15.30' ಎಂಬ ರೀತಿಯ ಸಾಲು ಬರುತ್ತದೆ. ಕೊನೆಯಲ್ಲಿರುವುದೇ ಅಸಲಿ ನಂಬರ್. ಡೆಬಿಯನ್‌ನಲ್ಲಿ 'ಯುನೇಮ್ -ವಿ' ಇದನ್ನು ಹೇಳುತ್ತದೆ.

## ದೋಷ ಕರ್ನಲ್‌ದೇನಾ?

ಇಡೀ ಯಂತ್ರವೇ ಹ್ಯಾಂಗ್ ಆಗಿ ಮೌಸ್ ಕೂಡ ಅಲುಗಾಡದಿದ್ದರೆ, ಮುಚ್ಚಳ ಮುಚ್ಚಿ ತೆರೆದ ಮೇಲೆ ಏಳದಿದ್ದರೆ, ಚುಚ್ಚಿದ ಸಾಧನ ಪಟ್ಟಿಯಲ್ಲೇ ಕಾಣದಿದ್ದರೆ, ಬೂಟ್ ಆಗುವಾಗಲೇ ಪ್ಯಾನಿಕ್ ಬಂದರೆ (ಎಂದರೆ ಕರ್ನಲ್ ಮುಂದೆ ಹೋಗಲಾರದೆ ನಿಂತುಬಿಟ್ಟರೆ) ಕರ್ನಲ್ ಮೇಲೆ ಅನುಮಾನ ಪಡಬಹುದು. ಒಂದೇ ಒಂದು ಅಪ್ಲಿಕೇಶನ್ ಮುಚ್ಚಿಕೊಂಡರೆ, ಬ್ರೌಸರ್ ನಿಧಾನವಾದರೆ, ಕನ್ನಡ ಕೀಬೋರ್ಡ್ ಕೆಲಸ ಮಾಡದಿದ್ದರೆ ಕರ್ನಲ್ ತಂಟೆಗೆ ಹೋಗಬೇಡಿ. ಕನ್ನಡ ಟೈಪಿಂಗ್ ಕೈಕೊಟ್ಟರೆ ಐಬಸ್ (ಟೈಪಿಂಗ್ ನೋಡಿಕೊಳ್ಳುವ ತಂತ್ರಾಂಶ) ನೋಡಿ, ಒತ್ತಕ್ಷರ ಒಡೆದು ಕಂಡರೆ ಫಾಂಟ್ ನೋಡಿ. ಇವಕ್ಕಾಗಿ ಕರ್ನಲ್ ಬದಲಿಸಿದವರೂ ಇದ್ದಾರೆ, ನಂಬಿ.

ಅನುಮಾನ ಗಟ್ಟಿಯಾಗಬೇಕಾದರೆ ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿ ನೋಡಬೇಕು. ಯಂತ್ರ ಆನ್ ಆದ ತಕ್ಷಣ ಎಸ್ಕೇಪ್ ಕೀ ಒತ್ತಿ. ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಮೆನು ಬರುತ್ತದೆ. ಯಾವ ಕರ್ನಲ್ ಬೂಟ್ ಮಾಡಬೇಕೆಂದು ಆರಿಸುವ ಮೆನು ಇದು. ಎರಡನೇ ಸಾಲಿನ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋದರೆ ಇರುವ ಕರ್ನಲ್‌ಗಳೆಲ್ಲ ಸಾಲಾಗಿ ಕಾಣುತ್ತವೆ. ಎಸ್ಕೇಪ್ ಜಾಸ್ತಿ ಸಲ ಒತ್ತಿದರೆ ಬರೀ 'ಗ್ರಬ್>' ಎಂದು ಬಂದು ನಿಲ್ಲುತ್ತದೆ. ಹೆದರಬೇಡಿ. 'ನಾರ್ಮಲ್' ಎಂದು ಟೈಪ್ ಮಾಡಿ ಎಂಟರ್ ಒತ್ತಿ, ತಕ್ಷಣ ಇನ್ನೊಮ್ಮೆ ಎಸ್ಕೇಪ್ ಒತ್ತಿ.

ಹಳೆಯದರಲ್ಲಿ ಸರಿ ಇದ್ದು ಹೊಸದರಲ್ಲಿ ಕೆಟ್ಟರೆ ದೋಷ ಕರ್ನಲ್ ಜೊತೆ ಬಂದಿದೆ. ಕರ್ನಲ್‌ದೇ ಇರಬಹುದು, ಅದಕ್ಕೆ ಅಂಟಿಕೊಂಡ ಹೊರಗಿನ ಡ್ರೈವರ್‌ನದೂ ಇರಬಹುದು. ಎರಡರಲ್ಲೂ ಕೆಟ್ಟರೆ? ಆಗ '/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್' ತೆರೆದು ಆ ದಿನ ಇನ್ನೇನೇನು ಅಪ್‌ಡೇಟ್ ಆಗಿದೆ ನೋಡಿ. 'ಲಿನಕ್ಸ್-ಫರ್ಮ್‌ವೇರ್' ಪ್ಯಾಕೇಜ್ ಬಂದಿದ್ದರೆ ಅದರ ಮೇಲೆ ಕಣ್ಣಿಡಿ. ಫರ್ಮ್‌ವೇರ್ ಎಂದರೆ ವೈಫೈಯಂಥ ಸಾಧನದ ಚಿಪ್‌ನೊಳಗೇ ಓಡುವ ಪ್ರೋಗ್ರಾಂ. ಫರ್ಮ್‌ವೇರ್ ಫೈಲ್‌ಗಳನ್ನು ಹಳೆಯ ಕರ್ನಲ್ಲೂ ಹೊಸ ಕರ್ನಲ್ಲೂ ಒಂದೇ ಜಾಗದಿಂದ ಓದುತ್ತವೆ. ಹಾಗಾಗಿ ಫರ್ಮ್‌ವೇರ್ ಕೆಟ್ಟರೆ ಹಳೆಯ ಕರ್ನಲ್‌ಗೆ ಹಿಂತಿರುಗಿದರೂ ಪ್ರಯೋಜನ ಇಲ್ಲ. ಗ್ರಾಫಿಕ್ಸ್ ತೊಂದರೆಯಾದರೆ ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರ್ ಪ್ಯಾಕೇಜ್‌ಗೂ ಇದೇ ಮಾತು.

ಲಾಗ್ ಓದುವುದನ್ನೂ ಮಾಡಿ. 'ಜರ್ನಲ್‌ಸಿಟಿಎಲ್ -ಕೆ -ಬಿ -1' ಕೊಟ್ಟರೆ ಹಿಂದಿನ ಸಲ ಬೂಟ್ ಆದಾಗಿನ ಕರ್ನಲ್ ಮಾತುಗಳೆಲ್ಲ ಸಿಗುತ್ತವೆ. ಕೊನೆಯಿಂದ ಮೇಲಕ್ಕೆ ಓದಿ. 'ಹಾರ್ಡ್‌ವೇರ್ ಎರರ್' ಎಂಬ ಸಾಲು ಇದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಿ, ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ. 'ಐ/ಒ ಎರರ್' ಜೊತೆ ಡಿಸ್ಕ್ ಹೆಸರು ಬಂದಿದ್ದರೆ ಮೊದಲು ಬ್ಯಾಕಪ್, ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ 'ಸ್ಮಾರ್ಟ್‌ಸಿಟಿಎಲ್'. ಸಾಯುತ್ತಿರುವ ಡಿಸ್ಕ್ ಮೇಲೆ ಕರ್ನಲ್ ಅಪ್‌ಗ್ರೇಡ್ ಮಾಡಿದರೆ ಆ ಬರೆಯುವ ಭಾರಕ್ಕೇ ಅದು ಪೂರ್ತಿ ಹೋಗಬಹುದು. ಪ್ಯಾನಿಕ್ ಆದಾಗ ಕೊನೆಯ ಸಾಲುಗಳು ಡಿಸ್ಕ್‌ಗೆ ಬರೆಯುವ ಮೊದಲೇ ಯಂತ್ರ ನಿಂತಿರುತ್ತದೆ. ಆಗ ಮೊಬೈಲಿನಲ್ಲಿ ಸ್ಕ್ರೀನ್ ಫೋಟೋ ತೆಗೆಯುವುದೇ ದಾರಿ.

ಕರೆಂಟ್ ಹೋಗಿ ಬಂದ ಮೇಲೆ 'ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ' ಎಂದು ನಿಂತರೆ ಅದು ಫೈಲ್ ಸಿಸ್ಟಂ ಗಾಯ. ಅದು ಹೇಳಿದ ಡಿಸ್ಕ್ ಭಾಗಕ್ಕೆ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಂ ಪರೀಕ್ಷಿಸಿ ಸರಿಪಡಿಸುವ ಕಮಾಂಡ್) ಓಡಿಸಿ. ಅಷ್ಟೇ, ಕರ್ನಲ್‌ಗೂ ಅದಕ್ಕೂ ಸಂಬಂಧ ಇಲ್ಲ.

## ಹೊಸ ಲ್ಯಾಪ್‌ಟಾಪ್, ವೈಫೈ ಇಲ್ಲ

ಕರ್ನಲ್ ನಿಜವಾಗಿಯೂ ಬದಲಿಸಬೇಕಾದ ಪ್ರಕರಣ ಹೇಗಿರುತ್ತದೆ ನೋಡೋಣ. ಡೆಬಿಯನ್ 12 ಹಾಕಿದ್ದೀರಿ. ವೈಫೈ ಗುರುತೇ ಇಲ್ಲ. 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಡಿ. 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲು ಹುಡುಕಿ. ಅದರ ಕೊನೆಯಲ್ಲಿ ಚೌಕ ಆವರಣದೊಳಗೆ ಎರಡು ಸಂಕೇತ ಇರುತ್ತವೆ. ಮೊದಲಿನದು ಕಂಪನಿಯದು: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್. ಎರಡನೆಯದು ಚಿಪ್‌ನದು.

ಈಗ ಅದರ ಕೆಳಗಿನ ಸಾಲುಗಳು. 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇದೆಯಾ? ಇಲ್ಲದಿದ್ದರೆ ಈ ಚಿಪ್‌ನ ಜವಾಬ್ದಾರಿ ಯಾರೂ ತೆಗೆದುಕೊಂಡಿಲ್ಲ. ಉದಾಹರಣೆಗೆ ರಿಯಲ್‌ಟೆಕ್ 8852ಬಿಇ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಸಿಗುವ ಚಿಪ್ ಇದು. ಇದರ ಡ್ರೈವರ್ ಮೂಲ ಕರ್ನಲ್‌ಗೆ ಸೇರಿದ್ದು 6.2ರಲ್ಲಿ. ಡೆಬಿಯನ್ 12ರಲ್ಲಿರುವುದು 6.1. ಒಂದೇ ಮೆಟ್ಟಿಲು ಹಿಂದೆ. ಇಲ್ಲಿ ಯಾವ ಸೆಟ್ಟಿಂಗ್ ತಿರುಗಿಸಿದರೂ ಪ್ರಯೋಜನ ಇಲ್ಲ, ಹೊಸ ಸರಣಿಯ ಕರ್ನಲ್ಲೇ ಬೇಕು.

ಸಾಲು ಇದ್ದೂ ವೈಫೈ ಬರುತ್ತಿಲ್ಲವಾದರೆ ಕಥೆ ಬೇರೆ. 'ಡಿಮೆಸ್ಗ್' ಕೊಟ್ಟು ಕರ್ನಲ್‌ನ ಲಾಗ್ ಓದಿ. 'ಡೈರೆಕ್ಟ್ ಫರ್ಮ್‌ವೇರ್ ಲೋಡ್ ... ಫೇಲ್ಡ್ ವಿತ್ ಎರರ್ -2' ಎಂದಿದ್ದರೆ ಡ್ರೈವರ್ ಇದೆ, ಅದು ಕೇಳುತ್ತಿರುವ ಫರ್ಮ್‌ವೇರ್ ಫೈಲ್ ಇಲ್ಲ. -2 ಎಂದರೆ ಫೈಲ್ ಸಿಗಲಿಲ್ಲ, ಅಷ್ಟೇ. ಡೆಬಿಯನ್ 12ರಿಂದ ಇಂಥವಕ್ಕೆ 'ನಾನ್-ಫ್ರೀ-ಫರ್ಮ್‌ವೇರ್' ಎಂಬ ಪ್ರತ್ಯೇಕ ವಿಭಾಗ ಇದೆ. ಅಲ್ಲಿಂದ 'ಫರ್ಮ್‌ವೇರ್-ರಿಯಲ್‌ಟೆಕ್' ಅಥವಾ ನಿಮ್ಮ ಕಂಪನಿಯ ಪ್ಯಾಕೇಜ್ ಹಾಕಿದರೆ ಮುಗಿಯಿತು. ಕರ್ನಲ್ ಮುಟ್ಟಬೇಕಾಗಿಲ್ಲ. ಆದರೆ ಒಂದು ಲೆಕ್ಕ ನೆನಪಿಡಿ: ಬ್ಯಾಕ್‌ಪೋರ್ಟ್ಸ್‌ನಿಂದ (ಇದ್ದ ಡೆಬಿಯನ್‌ಗೇ ಹೊಸ ಪ್ಯಾಕೇಜ್ ಕೊಡುವ ಭಂಡಾರ) ಹೊಸ ಕರ್ನಲ್ ತಂದರೆ ಅದು ಹೊಸ ಫರ್ಮ್‌ವೇರ್ ಕೇಳಬಹುದು. ಎರಡನ್ನೂ ಅಲ್ಲಿಂದಲೇ ತನ್ನಿ.

ವೈಫೈ ಇಲ್ಲದೆ ಡೌನ್‌ಲೋಡ್ ಹೇಗೆ? ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಹಳೆಯ ಕರ್ನಲ್‌ಗೂ ಅದು ಅರ್ಥವಾಗುತ್ತದೆ. ದಿನದ ಡೇಟಾ ಪ್ಯಾಕ್ ಇದಕ್ಕೆ ಧಾರಾಳ ಸಾಕು. ಆದರೆ ಅದೇ ಹೊತ್ತಿಗೆ ಪೂರ್ತಿ ಸಿಸ್ಟಂ ಅಪ್‌ಗ್ರೇಡ್‌ಗೆ ಕೈಹಾಕಬೇಡಿ.

## ಯಾವಾಗ ಹೌದು, ಯಾವಾಗ ಬೇಡ

ಎರಡು ಬಗೆಯ ಬದಲಾವಣೆ ಇದೆ. ಎರಡನ್ನೂ ಒಂದೇ ಹೆಸರಲ್ಲಿ ಕರೆಯುವುದರಿಂದಲೇ ಗೊಂದಲ ಜಾಸ್ತಿ.

ಮೊದಲನೆಯದು ಅದೇ ಸರಣಿಯೊಳಗಿನ ಅಪ್‌ಡೇಟ್. 6.8.0-45ರಿಂದ 6.8.0-47ಕ್ಕೆ ಹೋದ ಹಾಗೆ. ಇದನ್ನು ಹಾಕಿಕೊಳ್ಳಲೇಬೇಕು. ಬೇಕಾ ಬೇಡವಾ ಎಂದು ಚರ್ಚೆ ಮಾಡುವುದೇನಿಲ್ಲ, ಯಾವತ್ತು ಎನ್ನುವುದಷ್ಟೇ ಪ್ರಶ್ನೆ.

ಎರಡನೆಯದು ಸರಣಿಯನ್ನೇ ಹಾರುವುದು. 6.1ರಿಂದ 6.12ಕ್ಕೆ ಹೋದ ಹಾಗೆ. ಇದಕ್ಕೆ ಕಾರಣ ಬೇಕು. ನಿಮ್ಮ ಹಾರ್ಡ್‌ವೇರ್‌ಗೆ ಡ್ರೈವರ್ ಅಲ್ಲಿ ಮಾತ್ರ ಇರಬೇಕು, ಇಲ್ಲವೇ ನಿಮ್ಮನ್ನು ಕಾಡುತ್ತಿರುವ ದೋಷ ಅಲ್ಲಿ ಸರಿಯಾಗಿದೆ ಎಂದು ಖಚಿತವಾಗಿರಬೇಕು, ಇಲ್ಲವೇ ಈಗಿನ ಸರಣಿಗೆ ಬೆಂಬಲ ಮುಗಿದಿರಬೇಕು. "ಹೊಸದು ಫಾಸ್ಟ್ ಅಂತೆ" ಎಂಬುದು ಕಾರಣ ಅಲ್ಲ. ಮೂಲ ಕರ್ನಲ್ ಒಂಬತ್ತು ಹತ್ತು ವಾರಕ್ಕೊಂದು ಹೊಸದು ಬರುತ್ತದೆ. ಅದರ ಬೆನ್ನು ಹತ್ತಿದರೆ ನಿಮಗೆ ಬೇರೆ ಕೆಲಸ ಮಾಡಲು ಬಿಡುವಿರುವುದಿಲ್ಲ.

'ಸ್ಟೇಬಲ್' ಎಂಬ ಹಣೆಪಟ್ಟಿ ಇದ್ದರೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3 ಬಿಡುಗಡೆ ಆಗಬೇಕಿತ್ತು. ಅದರಲ್ಲಿದ್ದ 6.1.64 ಕರ್ನಲ್ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಡೇಟಾ ಹಾಳುಮಾಡಬಹುದು ಎಂದು ಕೊನೆಗಳಿಗೆಯಲ್ಲಿ ಗೊತ್ತಾಯಿತು. ಒಂದು ತಿದ್ದುಪಡಿಯನ್ನು ಹೊಸ ಸರಣಿಯಿಂದ ಹಳೆಯದಕ್ಕೆ ತಂದಿದ್ದರು. ಅದರ ಜೋಡಿ ತಿದ್ದುಪಡಿಯನ್ನು ಅಲ್ಲೇ ಬಿಟ್ಟಿದ್ದರು. ಬಿಡುಗಡೆ ತಡೆಹಿಡಿದರು. 6.1.66 ಹಾಕಿ ಮರುದಿನ, ಡಿಸೆಂಬರ್ 10ಕ್ಕೆ, 12.4 ಎಂದೇ ಹೊರತಂದರು. ಅಷ್ಟಕ್ಕೇ ಮುಗಿಯಲಿಲ್ಲ. 6.1.66ರಲ್ಲಿ ವೈಫೈ ತೊಂದರೆ ಹೊರಬಿತ್ತು, ಅದನ್ನು ಹಿಂತೆಗೆಯಲು 6.1.67 ಬಂತು. 2022ರ ಅಕ್ಟೋಬರ್‌ನಲ್ಲಿ 5.19.12ರದ್ದು ಇನ್ನೊಂದು ಕಥೆ. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳ ಸ್ಕ್ರೀನ್ ಬೆಳ್ಳಗೆ ಮಿನುಗಲು ಶುರುವಾಯಿತು. ಪ್ಯಾನೆಲ್‌ಗೇ ಪೆಟ್ಟಾಗಬಹುದು, ಬಳಸಬೇಡಿ ಎಂದು ಇಂಟೆಲ್ ಕಡೆಯ ಡೆವಲಪರ್ ಎಚ್ಚರಿಸಿದರು. 5.19.13ರಲ್ಲಿ ಅದನ್ನು ತೆಗೆದುಹಾಕಿದರು.

ಹಾಗಾಗಿ ನಾನು ಹೇಳುವುದು ಇಷ್ಟು. ಮನೆಯ ಲ್ಯಾಪ್‌ಟಾಪ್ ಆದರೆ ಅಪ್‌ಡೇಟ್ ಬಂದ ಮೇಲೆ ಒಂದೆರಡು ದಿನ ಕಾಯ್ದು ಹಾಕಿದರೆ ಲೋಕ ಮುಳುಗುವುದಿಲ್ಲ. ಇಂಟರ್‌ನೆಟ್‌ಗೆ ತೆರೆದುಕೊಂಡ, ಹತ್ತಾರು ಜನ ಲಾಗಿನ್ ಆಗುವ ಸರ್ವರ್ ಆದರೆ ಭದ್ರತೆಯ ಅಪ್‌ಡೇಟ್ ಕಾಯಿಸಬೇಡಿ. ಮೊದಲು ಒಂದು ಯಂತ್ರಕ್ಕೆ ಹಾಕಿ ನೋಡಿ ಅಷ್ಟೇ.

ಡಾಕರ್ ಕಂಟೇನರ್ ಒಳಗೆ ಕರ್ನಲ್ ಅಪ್‌ಗ್ರೇಡ್ ಮಾಡಲು ಹೊರಡಬೇಡಿ. ಅಲ್ಲಿ ಸ್ವಂತ ಕರ್ನಲ್ಲೇ ಇಲ್ಲ, ಹೊರಗಿನ ಯಂತ್ರದ್ದೇ ಅಲ್ಲೂ ಓಡುತ್ತದೆ.

## ಹಾಕುವ ಮೊದಲು, ಹಾಕುವಾಗ

ಬ್ಯಾಕಪ್, ಬೂಟ್ ಆಗುವ ಒಂದು ಪೆನ್‌ಡ್ರೈವ್, ಲ್ಯಾಪ್‌ಟಾಪ್‌ಗೆ ಚಾರ್ಜ್, ಡೆಸ್ಕ್‌ಟಾಪ್‌ಗೆ ಯುಪಿಎಸ್. ಅರ್ಧದಲ್ಲಿ ಕರೆಂಟ್ ಹೋದರೆ ಬಂದ ಮೇಲೆ 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಕೊಟ್ಟು ಮುಂದುವರಿಸಿ. 'ಡಿಎಫ್ -ಎಚ್ /ಬೂಟ್' ಕೊಟ್ಟು ಅಲ್ಲಿ ಜಾಗ ಎಷ್ಟಿದೆ ನೋಡಿ. 'ಡಿಕೆಎಂಎಸ್ ಸ್ಟೇಟಸ್' ನೋಡಿ. ಕರ್ನಲ್‌ನ ಹೊರಗಿನಿಂದ ಬಂದ ಡ್ರೈವರ್‌ಗಳ ಪಟ್ಟಿ ಅದು. ಎನ್‌ವಿಡಿಯಾ, ವರ್ಚುವಲ್‌ಬಾಕ್ಸ್ ಹೆಸರು ಅಲ್ಲಿದ್ದರೆ ಅವು ಹೊಸ ಕರ್ನಲ್‌ಗೆ ಮತ್ತೆ ಕಂಪೈಲ್ ಆಗಬೇಕು ಎಂದು ನೆನಪಿಟ್ಟುಕೊಳ್ಳಿ.

ಉಬುಂಟುವಿನಲ್ಲಿ ಎರಡು ದಾರಿ. 24.04ರ ಜೊತೆ ಮೊದಲು ಬಂದ 6.8 ಅದರ ಮಾಮೂಲಿ ಬೆಂಬಲದ ಅವಧಿಯುದ್ದಕ್ಕೂ ಇರುತ್ತದೆ. ಇನ್ನೊಂದು ಎಚ್‌ಡಬ್ಲ್ಯೂಇ, ಹೊಸ ಹಾರ್ಡ್‌ವೇರ್‌ಗಾಗಿ ಇರುವುದು. ಅದು ಆರು ತಿಂಗಳಿಗೊಮ್ಮೆ ಸರಣಿ ಹಾರುತ್ತದೆ: 24.04.2ರಲ್ಲಿ 6.11, 24.04.3ರಲ್ಲಿ 6.14. ಹೊಸ ಲ್ಯಾಪ್‌ಟಾಪ್‌ಗೆ ಎಚ್‌ಡಬ್ಲ್ಯೂಇ ಒಳ್ಳೆಯದು. ನಡೆಯುತ್ತಿರುವ ಸರ್ವರ್‌ಗೆ 6.8 ಬಿಟ್ಟು ಕದಲಬೇಡಿ. ಪ್ಯಾಕೇಜ್ ಹೆಸರು 'ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯೂಇ-24.04'. ಡೆಬಿಯನ್ 12ರಲ್ಲಾದರೆ 'ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್' ಸೇರಿಸಿಕೊಂಡು 'ಆಪ್ಟ್ -ಟಿ ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್ ಇನ್‌ಸ್ಟಾಲ್ ಲಿನಕ್ಸ್-ಇಮೇಜ್-ಎಎಂಡಿ64'.

ಉಬುಂಟುವಿನವರು ಮೇನ್‌ಲೈನ್ ಕರ್ನಲ್‌ಗಳನ್ನೂ (ತಮ್ಮ ತಿದ್ದುಪಡಿ ಸೇರಿಸದ ಮೂಲ ಕರ್ನಲ್) ಪ್ಯಾಕೇಜ್ ಮಾಡಿ ಇಟ್ಟಿರುತ್ತಾರೆ. ಅವು ಪರೀಕ್ಷೆಗೆ ಮಾತ್ರ. ಸಹಿ ಇರುವುದಿಲ್ಲ, ಸಹಿ ಇಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಏಳುವುದಿಲ್ಲ, ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ದೋಷ ಹೊಸದರಲ್ಲಿ ಸರಿಯಾಗಿದೆಯಾ ಎಂದು ನೋಡಲು ಒಮ್ಮೆ ಬೂಟ್ ಮಾಡಿ, ನೋಡಿ, ತೆಗೆದುಹಾಕಿ. ಸುಮ್ನೆ ಅದರಲ್ಲೇ ಸಂಸಾರ ಹೂಡಬೇಡಿ.

## /ಬೂಟ್ ತುಂಬಿತು

ಕರ್ನಲ್ ಅಪ್‌ಡೇಟ್ ಕೆಡುವ ಸಂದರ್ಭಗಳಲ್ಲಿ ನಾನು ಅತಿ ಹೆಚ್ಚು ನೋಡಿರುವುದು ಇದನ್ನೇ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಸಿಕೊಂಡವರಿಗೆ ಇದು ತಪ್ಪಿದ್ದಲ್ಲ. ಅವರಲ್ಲಿ /ಬೂಟ್ ಬೇರೆಯೇ ಒಂದು ಚಿಕ್ಕ ಭಾಗ. ಪ್ರತಿ ಕರ್ನಲ್‌ಗೂ ಅಲ್ಲಿ ಎರಡು ದೊಡ್ಡ ಫೈಲ್: 'ವಿಎಂಲಿನಜ್' ಎಂದರೆ ಕರ್ನಲ್, 'ಇನಿಟ್‌ಆರ್‌ಡಿ' ಎಂದರೆ ಡಿಸ್ಕ್ ತೆರೆಯುವವರೆಗೆ ಬೇಕಾಗುವ ಡ್ರೈವರ್‌ಗಳ ಗಂಟು. ಗಂಟು ಕರ್ನಲ್‌ಗಿಂತ ಎಷ್ಟೋ ಪಟ್ಟು ದೊಡ್ಡದು.

ನಡೆಯುವುದು ಹೀಗೆ. ಅಪ್‌ಡೇಟ್ ಓಡುತ್ತಿರುತ್ತದೆ. ವಿಎಂಲಿನಜ್ ಬಂದು ಕೂರುತ್ತದೆ. ಗಂಟು ಕಟ್ಟುವಾಗ ಜಾಗ ಮುಗಿಯುತ್ತದೆ. 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್', ಅದರ ಕೆಳಗೆ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್: ಫೇಲ್ಡ್' ಎಂದು ಬರುತ್ತದೆ. ಉದ್ದದ ಔಟ್‌ಪುಟ್ ನಡುವೆ ಅದನ್ನು ಯಾರೂ ಓದುವುದಿಲ್ಲ. ರೀಬೂಟ್ ಮಾಡುತ್ತಾರೆ. ಕಪ್ಪು ಸ್ಕ್ರೀನ್ ಮೇಲೆ 'ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)' ಎಂದು ಪ್ಯಾನಿಕ್.

ಇದನ್ನು ಓದಿ ಡಿಸ್ಕ್ ಸತ್ತಿತು ಎಂದುಕೊಂಡು ಹೊಸ ಡಿಸ್ಕ್ ಕೊಳ್ಳಲು ಹೊರಡಬೇಡಿ. ಆ 0,0 ಎಂದರೆ ಕರ್ನಲ್‌ಗೆ ಯಾವ ಡಿಸ್ಕೂ ಕಾಣುತ್ತಿಲ್ಲ ಎಂದು. ಕಾಣಿಸುವ ಡ್ರೈವರ್‌ಗಳು ಗಂಟಿನಲ್ಲಿದ್ದವು, ಗಂಟೇ ಬಂದಿಲ್ಲ. ಗ್ರಬ್‌ನಿಂದ ಹಳೆಯ ಕರ್ನಲ್ ಆರಿಸಿ, ಎಂದಿನ ಹಾಗೆ ಏಳುತ್ತದೆ.

ಎದ್ದ ಮೇಲೆ 'ಎಲ್‌ಎಸ್ -ಎಲ್‌ಎಚ್ /ಬೂಟ್' ನೋಡಿ. ಹೊಸ ನಂಬರಿನ ವಿಎಂಲಿನಜ್ ಇರುತ್ತದೆ. ಅದೇ ನಂಬರಿನ ಇನಿಟ್‌ಆರ್‌ಡಿ ಇರುವುದಿಲ್ಲ, ಅಥವಾ ಬೇರೆಯವಕ್ಕಿಂತ ತೀರಾ ಚಿಕ್ಕದಿರುತ್ತದೆ. 'ಯುನೇಮ್ -ಆರ್' ಕೊಟ್ಟು ಈಗ ಓಡುತ್ತಿರುವುದು ಯಾವುದು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದನ್ನು ಮುಟ್ಟಬಾರದು. ಅದಕ್ಕಿಂತ ಹಳೆಯದನ್ನು 'ಆಪ್ಟ್ ಪರ್ಜ್' ಕೊಟ್ಟು ತೆಗೆಯಿರಿ. ಕೈಯಾರೆ ಡಿಲೀಟ್ ಮಾಡಬೇಡಿ. ಪ್ಯಾಕೇಜ್ ಲೆಕ್ಕದಲ್ಲಿ ಅದು ಇದೆ ಎಂದೇ ಉಳಿದು, ಮುಂದಿನ ಸಲ ಅದರ ಗಂಟು ಮತ್ತೆ ಕಟ್ಟಲು ಹೋಗುತ್ತದೆ.

ಕೆಲವು ಸಲ ಆಪ್ಟ್ ಮುಷ್ಕರ ಹೂಡುತ್ತದೆ: ಅರ್ಧವಾದ ಕೆಲಸ ಮುಗಿಸದೆ ಏನೂ ತೆಗೆಯುವುದಿಲ್ಲ ಎನ್ನುತ್ತದೆ, ಜಾಗ ಇಲ್ಲದೆ ಅದು ಮುಗಿಯುವುದಿಲ್ಲ. ಆಗ ತೆಗೆಯಬೇಕಾದ ಹಳೆಯ ಕರ್ನಲ್‌ನ ಇನಿಟ್‌ಆರ್‌ಡಿ ಫೈಲನ್ನು ಮನೆ ಫೋಲ್ಡರ್‌ಗೆ ಸರಿಸಿ ಇಡಿ. ಜಾಗವಾಗುತ್ತದೆ. 'ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ. ಅದು ಮುಗಿದ ಮೇಲೆ ಆ ಹಳೆಯ ಪ್ಯಾಕೇಜನ್ನು ಪರ್ಜ್ ಮಾಡಿ. ಹೊಸದರ ಇನಿಟ್‌ಆರ್‌ಡಿ ಈಗ ಸರಿಯಾದ ಗಾತ್ರದಲ್ಲಿದೆಯಾ ನೋಡಿ. ಇಲ್ಲದಿದ್ದರೆ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ' ಮತ್ತು ಆ ಕರ್ನಲ್‌ನ ಪೂರ್ತಿ ಹೆಸರು, ಆಮೇಲೆ 'ಅಪ್‌ಡೇಟ್-ಗ್ರಬ್'. ಆಮೇಲಷ್ಟೇ ರೀಬೂಟ್.

ಪ್ಯಾನಿಕ್ ಬದಲು 'ಅಲರ್ಟ್! ಯುಯುಐಡಿ ... ಡಸ್ ನಾಟ್ ಎಕ್ಸಿಸ್ಟ್' ಎಂದು ಬಂದು 'ಇನಿಟ್‌ರಾಮ್‌ಎಫ್‌ಎಸ್' ಪ್ರಾಂಪ್ಟ್‌ನಲ್ಲಿ ನಿಂತರೆ ಅದು ಬೇರೆ ರೋಗ. ಗಂಟು ಬಂದಿದೆ. ಆದರೆ ನಿಮ್ಮ ಡಿಸ್ಕ್‌ನ ಡ್ರೈವರ್ ಅದರಲ್ಲಿಲ್ಲ, ಇಲ್ಲವೇ ಡಿಸ್ಕ್‌ನ ಗುರುತು ಬದಲಾಗಿದೆ.

## ಬೂಟ್ ಆಯಿತು, ಸ್ಕ್ರೀನ್ ಕಪ್ಪು

ಎನ್‌ವಿಡಿಯಾ ಇದ್ದವರಿಗೆ. ಹಳೆಯ ಕರ್ನಲ್‌ನಲ್ಲಿ ಬಂದು 'ಡಿಕೆಎಂಎಸ್ ಸ್ಟೇಟಸ್' ನೋಡಿ. ಹೊಸ ಕರ್ನಲ್‌ನ ಎದುರು 'ಇನ್‌ಸ್ಟಾಲ್ಡ್' ಎಂದಿಲ್ಲದಿದ್ದರೆ ಕಂಪೈಲ್‌ಗೆ ಬೇಕಾದ ಅದರ ಹೆಡರ್ಸ್ ಪ್ಯಾಕೇಜ್ ಇದೆಯಾ ನೋಡಿ, ಎಷ್ಟೋ ಸಲ ಅದೇ ಬಿಟ್ಟುಹೋಗಿರುತ್ತದೆ. ಹೆಡರ್ಸ್ ಇದ್ದೂ ಕಂಪೈಲ್ ಆಗದಿದ್ದರೆ '/ವಾರ್/ಲಿಬ್/ಡಿಕೆಎಂಎಸ್' ಒಳಗಿನ 'ಮೇಕ್.ಲಾಗ್' ಕಾರಣ ಹೇಳುತ್ತದೆ. ಹಳೆಯ ಎನ್‌ವಿಡಿಯಾ ಡ್ರೈವರ್ ತೀರಾ ಹೊಸ ಕರ್ನಲ್‌ಗೆ ಹೊಂದುವುದೇ ಇಲ್ಲ. ಆಗ ಒಂದೋ ಡ್ರೈವರ್ ಏರಿಸಬೇಕು, ಇಲ್ಲ ಕರ್ನಲ್ ಇಳಿಸಬೇಕು.

'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದು ಬಂದರೆ ಸೆಕ್ಯೂರ್ ಬೂಟ್ ಅಡ್ಡ ನಿಂತಿದೆ. 'ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್' ಕೊಟ್ಟು ಖಚಿತ ಮಾಡಿಕೊಳ್ಳಿ. ಡ್ರೈವರ್ ಹಾಕುವಾಗ ಅದು ಒಂದು ಪಾಸ್‌ವರ್ಡ್ ಕೇಳಿರುತ್ತದೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬಂದು ಕೀ ಸೇರಿಸಲೇ ಎನ್ನುತ್ತದೆ. ಜನ ಗಾಬರಿಯಾಗಿ 'ಕಂಟಿನ್ಯೂ ಬೂಟ್' ಒತ್ತಿಬಿಡುತ್ತಾರೆ. 'ಎನ್‌ರೋಲ್ ಮೋಕ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕಿತ್ತು. 'ಮೋಕ್‌ಯುಟಿಲ್ --ಇಂಪೋರ್ಟ್' ಮಾಡಿ ಇನ್ನೊಮ್ಮೆ ರೀಬೂಟ್ ಮಾಡಿದರೆ ಆ ಪರದೆ ಮತ್ತೆ ಬರುತ್ತದೆ.

## ಸರ್ವರ್ ದೂರದಲ್ಲಿದ್ದರೆ

ಕೈಗೆಟುಕದ ಯಂತ್ರದಲ್ಲಿ ಗ್ರಬ್ ಮೆನು ಆರಿಸಲು ಯಾರೂ ಇರುವುದಿಲ್ಲ. ಹೊಸ ಕರ್ನಲ್ ಒಂದೇ ಒಂದು ಸಲ ಬೂಟ್ ಆಗಲಿ, ಎಡವಿದರೆ ಹಳೆಯದಕ್ಕೇ ವಾಪಸ್ ಬರಲಿ ಎಂದು ಏರ್ಪಾಡು ಮಾಡಬಹುದು.

'/ಇಟಿಸಿ/ಡೀಫಾಲ್ಟ್/ಗ್ರಬ್' ಫೈಲ್‌ನಲ್ಲಿ 'ಗ್ರಬ್_ಡೀಫಾಲ್ಟ್=ಸೇವ್ಡ್' ಎಂದು ಮಾಡಿ. ಕರ್ನಲ್ ಸಾಲಿಗೆ 'ಪ್ಯಾನಿಕ್=10' ಸೇರಿಸಿ. ಪ್ಯಾನಿಕ್ ಆದರೆ ಹತ್ತು ಸೆಕೆಂಡ್ ಬಿಟ್ಟು ತಾನೇ ರೀಬೂಟ್ ಆಗಲಿ ಎಂದು. 'ಅಪ್‌ಡೇಟ್-ಗ್ರಬ್' ಕೊಡಿ. ಈಗ 'ಗ್ರಬ್-ಸೆಟ್-ಡೀಫಾಲ್ಟ್ "1>2"' ಎಂದರೆ ಹಳೆಯದು ಕಾಯಂ. 'ಗ್ರಬ್-ರೀಬೂಟ್ "1>0"' ಎಂದರೆ ಹೊಸದು ಮುಂದಿನ ಒಂದು ಬೂಟ್‌ಗೆ ಮಾತ್ರ. ಎಣಿಕೆ ಸೊನ್ನೆಯಿಂದ. 1 ಎಂದರೆ ಎರಡನೇ ಸಾಲಾದ ಅಡ್ವಾನ್ಸ್ಡ್ ಆಪ್ಷನ್ಸ್. ಅದರೊಳಗೆ 0 ಹೊಸದು, 1 ಅದರ ರಿಕವರಿ ಸಾಲು, 2 ಹಳೆಯದು. ನಿಮ್ಮಲ್ಲಿ ಸಾಲು ಬೇರೆ ಇರಬಹುದು, 'ಗ್ರಬ್.ಸಿಎಫ್‌ಜಿ' ತೆರೆದು ಎಣಿಸಿಕೊಳ್ಳಿ.

ಪ್ಯಾನಿಕ್ ಆಗದೆ ಬರೀ ನೆಟ್‌ವರ್ಕ್ ಡ್ರೈವರ್ ಸತ್ತರೆ 'ಪ್ಯಾನಿಕ್=10' ಉಪಯೋಗಕ್ಕೆ ಬರುವುದಿಲ್ಲ. ಆದರೆ ಪ್ರೊವೈಡರ್‌ನ ಪ್ಯಾನೆಲ್‌ನಿಂದ ಒಮ್ಮೆ ಪವರ್ ಆಫ್, ಆನ್ ಮಾಡಿದರೆ ಹಳೆಯದಕ್ಕೇ ಬರುತ್ತದೆ. ಒಂದು ಎಚ್ಚರ: /ಬೂಟ್ ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಯ್ಡ್ (ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ವ್ಯವಸ್ಥೆಗಳು) ಮೇಲಿದ್ದರೆ ಗ್ರಬ್‌ಗೆ ಅಲ್ಲಿ ಬರೆಯಲು ಬರುವುದಿಲ್ಲ. "ಒಂದು ಸಲ" ಎಂಬ ಗುರುತು ಅಳಿಯದೆ ಉಳಿದು, ಕೆಟ್ಟ ಕರ್ನಲ್ಲೇ ಮತ್ತೆ ಮತ್ತೆ ಬೂಟ್ ಆಗುತ್ತದೆ. ಅಂಥಲ್ಲಿ ಕನ್ಸೋಲ್ (ದೂರದಿಂದಲೇ ಆ ಯಂತ್ರದ ಸ್ಕ್ರೀನ್, ಕೀಬೋರ್ಡ್ ಸಿಗುವ ದಾರಿ) ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಹೊಸದು ಒಂದೆರಡು ದಿನ ಸರಿಯಾಗಿ ಓಡಿದ ಮೇಲೆ ಡೀಫಾಲ್ಟನ್ನು ಮತ್ತೆ 0 ಮಾಡಲು ಮರೆಯಬೇಡಿ. ಮುಂದೆ ಇನ್ನೊಂದು ಕರ್ನಲ್ ಬಂದಾಗ '1>2' ಎಂಬುದು ಬೇರೆಯದನ್ನೇ ತೋರಿಸುತ್ತಿರುತ್ತದೆ.

## ಹಳೆಯದರಲ್ಲೇ ಇರಬೇಕಾದರೆ

ದೋಷ ಹೊಸ ಕರ್ನಲ್‌ದೇ ಎಂದು ಖಚಿತವಾಯಿತು ಅನ್ನಿ. 'ಆಪ್ಟ್-ಮಾರ್ಕ್ ಹೋಲ್ಡ್' ಕೊಟ್ಟು ಕರ್ನಲ್‌ನ ಮುಖ್ಯ ಪ್ಯಾಕೇಜ್ ತಡೆಹಿಡಿಯಬಹುದು. ಜೊತೆಗೆ ಈಗ ಸರಿಯಾಗಿ ಓಡುತ್ತಿರುವ ಹಳೆಯ ಇಮೇಜ್ ಪ್ಯಾಕೇಜನ್ನೂ ಹೋಲ್ಡ್ ಮಾಡಿ. ಇಲ್ಲದಿದ್ದರೆ ಬೇಡದ ಪ್ಯಾಕೇಜ್ ತೆಗೆಯುವ 'ಆಟೋರಿಮೂವ್' ಅದನ್ನು ಗುಡಿಸಿಹಾಕೀತು. ಹೋಲ್ಡ್ ಇರುವಷ್ಟು ದಿನ ಭದ್ರತೆಯ ಅಪ್‌ಡೇಟೂ ಬರುವುದಿಲ್ಲ. ಹಾಗಾಗಿ ಕ್ಯಾಲೆಂಡರ್‌ನಲ್ಲಿ ಎರಡು ವಾರದ ಮುಂದಕ್ಕೆ ಒಂದು ನೆನಪು ಹಾಕಿಕೊಳ್ಳಿ. ಆ ದಿನ ಹೋಲ್ಡ್ ತೆಗೆದು ಹೊಸದು ನೋಡಿ.

ಆ ಎರಡು ವಾರ ಸುಮ್ಮನೆ ಕೂರುವ ಬದಲು ದೋಷ ವರದಿ ಮಾಡಿ. ಉಬುಂಟುವಿನಲ್ಲಿ 'ಉಬುಂಟು-ಬಗ್ ಲಿನಕ್ಸ್', ಡೆಬಿಯನ್‌ನಲ್ಲಿ 'ರಿಪೋರ್ಟ್‌ಬಗ್'. "ಅಪ್‌ಡೇಟ್ ಆದ ಮೇಲೆ ಕೆಟ್ಟಿತು" ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ಸರಿ ಇದ್ದ ಕೊನೆಯ ಆವೃತ್ತಿ ಯಾವುದು, ಕೆಟ್ಟ ಮೊದಲ ಆವೃತ್ತಿ ಯಾವುದು, ಇವೆರಡು ಬೇಕು. ನಡುವೆ ಹಲವು ಆವೃತ್ತಿ ಇದ್ದರೆ ಮಧ್ಯದ್ದನ್ನು ಬೂಟ್ ಮಾಡಿ ನೋಡಿ. ಸರಿ ಇದ್ದರೆ ಮುಂದಿನ ಅರ್ಧ, ಕೆಟ್ಟಿದ್ದರೆ ಹಿಂದಿನ ಅರ್ಧ. ಹದಿನಾರು ಆವೃತ್ತಿ ಇದ್ದರೂ ನಾಲ್ಕು ಬೂಟ್‌ನಲ್ಲಿ ಸಿಕ್ಕಿಬೀಳುತ್ತದೆ. ಜೊತೆಗೆ 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಔಟ್‌ಪುಟ್, ಎರಡೂ ಕರ್ನಲ್‌ಗಳ ಲಾಗ್, ಮತ್ತು '/ಪ್ರಾಕ್/ಸಿಸ್/ಕರ್ನಲ್/ಟೈಂಟೆಡ್' ಫೈಲ್‌ನಲ್ಲಿರುವ ಸಂಖ್ಯೆ ಕೊಡಿ. ಅದು 0 ಅಲ್ಲದಿದ್ದರೆ ಬಹುಶಃ ಹೊರಗಿನ ಮಾಡ್ಯೂಲ್ ಒಳಗೆ ಕೂತಿದೆ. ವರದಿ ಕಳಿಸುವ ಮೊದಲು ಅದನ್ನು ತೆಗೆದು ಒಮ್ಮೆ ಬೂಟ್ ಮಾಡಿ ನೋಡಿ. ಇಲ್ಲದಿದ್ದರೆ ಅವರು ಕೇಳುವ ಮೊದಲ ಪ್ರಶ್ನೆಯೇ ಅದು.